ಅಪ್‌ಡೇಟ್: ಹಳಬರು, ಹೊಸಬರು ಕೂಡಿ ಹೋದ ಸೈಕಲ್ ಪ್ರವಾಸ

ವರ್ಷಗಳಿಂದ ಜೊತೆಯಾಗಿ ಸೈಕಲ್ ತುಳಿಯುತ್ತಿರುವ ಮೂವರು ಹಳೆಯ ಗೆಳೆಯರನ್ನೂ, ಒಮ್ಮೆಗೆ 20 ಕಿ.ಮೀ. ದಾಟಿರದ ಇಬ್ಬರು ಹೊಸಬರನ್ನೂ ವಾರಾಂತ್ಯದ ಒಂದೇ ಪ್ರವಾಸಕ್ಕೆ ಕರೆದೊಯ್ಯುವುದು ಹೇಗೆಂದು ಹಿಂದೆ ಕೇಳಿದ್ದೆ. ದಿನಕ್ಕೆ 60 ಕಿ.ಮೀ. ಬೇಡ, 40 ಸಾಕು, ಹೊಸಬರೇ ಮುಂದೆ ಸಾಗಿ ವೇಗವನ್ನು ನಿರ್ಧರಿಸಲಿ ಎಂದು ನೀವು ಸಲಹೆ ನೀಡಿದ್ದಿರಿ.

ದೂರದ ಲೆಕ್ಕ ಸರಿಯಾಗಿತ್ತು. ಆದರೆ ಎದುರುಗಾಳಿಯಲ್ಲಿ ಮುಂದಿರುವವರೇ ಹೆಚ್ಚು ದಣಿಯುವುದರಿಂದ, ಬಯಲಿನ ದಾರಿಯಲ್ಲಿ ಹಳಬರೇ ಸರದಿಯಂತೆ ಮುಂದೆ ನಿಂತು, ಹೊಸಬರ ವೇಗಕ್ಕೆ ತಕ್ಕಂತೆ ತುಳಿಯುತ್ತಾ, ಅವರನ್ನು ಗಾಳಿಯ ಮರೆಯಲ್ಲಿರಿಸಿಕೊಂಡೆವು.

ಮೊದಲ ದಿನ ಮಧ್ಯಾಹ್ನ ಹೊಸಬರೊಬ್ಬರ ಹಿಂದಿನ ಚಕ್ರ ಪಂಕ್ಚರ್ ಆಯಿತು. ಟ್ಯೂಬ್ ಹೊರತೆಗೆದು ನೋಡಿದರೆ, ಹಾವು ಕಚ್ಚಿದಂತೆ ಅಕ್ಕಪಕ್ಕದಲ್ಲಿ ಎರಡು ಸಣ್ಣ ಸೀಳುಗಳು. ಅದು ಮುಳ್ಳಿನ ಕೆಲಸವಲ್ಲ; ಗಾಳಿ ಕಡಿಮೆಯಿದ್ದ ಟೈರು ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬ್ ರಿಮ್‌ಗೆ ಸಿಕ್ಕಿ ಹರಿದಿತ್ತು. (ಹೊರಡುವ ಮುನ್ನ ಗಾಳಿ ಪರೀಕ್ಷಿಸುವ ಹೊಣೆ ನನ್ನದಾಗಿತ್ತೆಂಬುದನ್ನು ಒಪ್ಪಿಕೊಳ್ಳಲೇಬೇಕು.) ಟೈರಿನ ಕೊನೆಯ ಗೇಣುದ್ದದ ಅಂಚನ್ನು ಹೆಬ್ಬೆರಳುಗಳಿಂದಲೇ ರಿಮ್‌ನೊಳಗೆ ತಳ್ಳುವುದನ್ನು ನಮ್ಮ ಗುಂಪಿನ ಅತಿ ಮಿತಭಾಷಿ ಹಳೆಯ ಗೆಳೆಯ ಹೊಸಬರಿಗೆ ಕಲಿಸಿದ ಆ ಅರ್ಧ ಗಂಟೆಯಲ್ಲಿ, ಬೆಳಗಿನಿಂದ ಎರಡಾಗಿ ಉಳಿದಿದ್ದ ಗುಂಪು ಒಂದಾಯಿತು.

ಎರಡನೆಯ ದಿನ ಒಬ್ಬರಿಗೆ ಮೊಣಕಾಲಿನ ಮುಂಭಾಗದಲ್ಲಿ ನೋವು ಕಾಣಿಸಿತು. ಸೀಟು ತೀರಾ ತಗ್ಗಿನಲ್ಲಿದ್ದುದರಿಂದ ಎರಡು ಬೆರಳಿನಷ್ಟು ಏರಿಸಿದೆವು; ನೋವು ಬಹುಮಟ್ಟಿಗೆ ತಗ್ಗಿತು. ಮುಂದಿನ ಪ್ರವಾಸದ ದಿನವನ್ನು ಈಗ ಹೊಸಬರೇ ಗೊತ್ತುಮಾಡುತ್ತಿದ್ದಾರೆ.