ಪದಚರ್ಚೆ: ಜೋಡಿ ಗಿಟಾರ್ ರಚನೆಯ ‘ಕೀ’ಗೆ ಶ್ರುತಿ ಅನ್ನಬಹುದಾ?

ಗೆಳೆಯರೇ,

ಸ್ಪೇನಿನ ಸಂಗೀತ ರಚನಕಾರ ಎನ್ರಿಕೆ ಗ್ರನಾದೋಸ್ 1890ರ ಸುಮಾರಿಗೆ ಪ್ರಕಟಿಸಿದ 12 ಸ್ಪ್ಯಾನಿಶ್ ನೃತ್ಯಗಳಲ್ಲಿ ಐದನೆಯದು ‘ಆಂದಲೂಸಾ’. ಬರೆದದ್ದು ಪಿಯಾನೊಗೆ. ಆದರೆ ಗಿಟಾರ್ ಮೀಟಿನ ಗುಣ ಅದರಲ್ಲಿ ಎಷ್ಟು ತುಂಬಿದೆ ಅಂದರೆ ಈಗ ಗಿಟಾರಿನವರು ಅದನ್ನು ತಮ್ಮದೇ ಮಾಡಿಕೊಂಡಿದ್ದಾರೆ. ಎರಡು ಗಿಟಾರ್‌ಗಳಲ್ಲಿ ಇದನ್ನು ನುಡಿಸುವ ಒಂದು ಕಛೇರಿಗೆ ಕನ್ನಡ ಪರಿಚಯ ಬರೆಯುತ್ತಿದ್ದೇನೆ. ಟೆಂಪೊ (ವೇಗ), ಕೀ (ಆಧಾರ ಸ್ವರ ಮತ್ತು ಅದರ ಮೇಲೆ ನಿಂತ ಸ್ವರಗಳ ಗುಂಪು), ಮೂಡ್ ಮೂರನ್ನೂ ಹೇಳಬೇಕು. ಕೀ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಉಳಿದೆರಡಕ್ಕೆ ನಾನು ಆರಿಸಿದ ಪದ ಸರಿಯೇ ಅಂತಲೂ ನೋಡಿ.

ಮೊದಲು ‘ಡ್ಯುಯೆಟ್’. ಇದಕ್ಕೆ ಜುಗಲ್‌ಬಂದಿ ಬೇಡ ಅನ್ನಿಸುತ್ತದೆ. ಆ ಪದ ಕೇಳಿದ ಕೂಡಲೇ ಸವಾಲು ಜವಾಬು, ಅಲ್ಲಲ್ಲೇ ಹುಟ್ಟುವ ಮನೋಧರ್ಮ ನೆನಪಾಗುತ್ತದೆ. ಇಲ್ಲಿ ಎಲ್ಲವೂ ಬರೆದಿಟ್ಟ ಸ್ವರ. ಒಬ್ಬರು ತಗ್ಗಿನ ತಂತಿಯಲ್ಲಿ ಹೆಜ್ಜೆ ಹಾಕುತ್ತಾ ತುಂಡು ತುಂಡು ಸ್ವರ ಮೀಟುತ್ತಾರೆ, ಇನ್ನೊಬ್ಬರು ಅದರ ಮೇಲೆ ಹಾಡುತ್ತಾರೆ. ನಮ್ಮಲ್ಲಿ ‘ದ್ವಂದ್ವ ಪಿಟೀಲು’ ಅನ್ನುವ ಮಾತು ಇದ್ದೇ ಇದೆ, ಆದ್ದರಿಂದ ದ್ವಂದ್ವ ಗಿಟಾರ್ ಅಥವಾ ಸುಮ್ನೆ ಜೋಡಿ ಗಿಟಾರ್ ಸಾಕು.

ಟೆಂಪೊಗೆ ಪತ್ರಿಕೆಗಳು ‘ಲಯ’ ಅಂತ ಬರೆಯುತ್ತವೆ. ತಪ್ಪೇನಲ್ಲ, ಆದರೆ ಲಯಕ್ಕೆ ಬೇರೆ ಹೊರೆಗಳೂ ಇವೆ. ನನಗೆ ಕಾಲಪ್ರಮಾಣ ಇಷ್ಟ. ಈ ರಚನೆಯ ಮೇಲೆ ಇರುವ ಸೂಚನೆ ‘ಆಂದಾಂತಿನೊ ಕ್ವಾಸಿ ಅಲೆಗ್ರೆತ್ತೊ’, ಅಂದರೆ ಹೆಚ್ಚುಕಡಿಮೆ ಚುರುಕು ಅನ್ನಬಹುದಾದ ನಡಿಗೆ. ಆಂದಾಂತೆ ಅನ್ನುವುದು ಇಟಾಲಿಯನ್ನಿನಲ್ಲಿ ನಡೆಯುವುದಕ್ಕೆ ಸೇರಿದ ಪದ, ಹಾಗಾಗಿ ‘ನಡೆ’ ಅಂತ ಬರೆಯಲು ಕೈ ತುಡಿಯುತ್ತದೆ. ಬರೆದರೆ ಗೊಂದಲ. ನಮ್ಮ ತಾಳದ ಮಾತಿನಲ್ಲಿ ನಡೆ ಅಂದರೆ ವೇಗವಲ್ಲ, ಒಂದು ಎಣಿಕೆಯನ್ನು ಎಷ್ಟು ಭಾಗ ಮಾಡುತ್ತೇವೆ ಅನ್ನುವುದು. ಈ ರಚನೆ ಇರುವುದು 6/8ರಲ್ಲಿ, ಅಂದರೆ ಎರಡು ಎಣಿಕೆ, ಒಂದೊಂದಕ್ಕೂ ಮೂರು ಅಕ್ಷರ. ಅದೇ ತಿಶ್ರನಡೆ! ಆದ್ದರಿಂದ ‘ತಿಶ್ರನಡೆ, ನಡಿಗೆಯ ಕಾಲಪ್ರಮಾಣ, ತುಸು ಚುರುಕು’ ಅಂತ ಬರೆದಿದ್ದೇನೆ. ಮಧ್ಯಮಕಾಲ ಅನ್ನಲಿಲ್ಲ, ಯಾಕಂದರೆ ಕೃತಿಗಳಲ್ಲಿ ಅದು ಚೌಕಕಾಲದ (ನಿಧಾನ ವೇಗದ) ಇಮ್ಮಡಿ ಅನ್ನುವ ಅರ್ಥದಲ್ಲಿ ನಿಂತುಬಿಟ್ಟಿದೆ.

ಈಗ ಕೀ. ರಚನೆ ಇ ಮೈನರ್‌ನಲ್ಲಿ ಶುರುವಾಗಿ, ನಡುವೆ ಇ ಮೇಜರ್‌ಗೆ ಹೋಗಿ, ಮತ್ತೆ ಮೈನರ್‌ಗೆ ಮರಳುತ್ತದೆ. ಇದನ್ನು ‘ಶ್ರುತಿ ಬದಲಾಗುತ್ತದೆ’ ಅಂತ ಬರೆದರೆ ಪೂರ್ತಿ ಸುಳ್ಳು. ಶ್ರುತಿ, ಅಂದರೆ ಆಧಾರ ಸ್ವರ, ಒಂದೇ: ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಮೂರು, ಅದೇ ಇ. ಗಿಟಾರಿನ ಅತಿ ತಗ್ಗಿನ ತಂತಿ, ಅತಿ ಮೇಲಿನ ತಂತಿ ಎರಡೂ ಖಾಲಿ ಮೀಟಿದರೆ ಇದೇ ಸ್ವರ. ಇ ಮೈನರ್ ಹಿಡಿಯಲು ನಾಲ್ಕನೇ, ಐದನೇ ತಂತಿಗಳ ಎರಡನೇ ಮನೆಯಲ್ಲಿ ಎರಡು ಬೆರಳು, ಉಳಿದ ನಾಲ್ಕು ಖಾಲಿ. ಅದೇ ಹಿಡಿತದಲ್ಲಿ ಇನ್ನೊಂದು ಬೆರಳನ್ನು ಮೂರನೇ ತಂತಿಯ ಮೊದಲ ಮನೆಯಲ್ಲಿ ಒತ್ತಿ, ಇ ಮೇಜರ್ ಆಯಿತು. ಷಡ್ಜ ಅಲುಗಲಿಲ್ಲ. ಸಾಧಾರಣ ಗಾಂಧಾರ ಇದ್ದ ಕಡೆ ಅರ್ಧ ಸ್ವರ ಮೇಲಿನ ಅಂತರ ಗಾಂಧಾರ ಬಂತು, ಅಷ್ಟೇ. ಗಿಟಾರ್ ಕೈಗೆ ಸಿಕ್ಕರೆ ಒಮ್ಮೆ ಮೀಟಿ ನೋಡಿ, ನಾನು ಹೇಳುತ್ತಿರುವುದು ಕಿವಿಗೇ ಗೊತ್ತಾಗುತ್ತದೆ.

ಹಾಗಾದರೆ ‘ರಾಗ’ ಅನ್ನೋಣವೇ? ರಾಗಕ್ಕೆ ಸಂಚಾರ ಬೇಕು, ಗಮಕ ಬೇಕು, ಕೀಗೆ ಅದ್ಯಾವುದೂ ಇಲ್ಲ. ‘ಮೇಳ’, ಅಂದರೆ ರಾಗಗಳು ಹುಟ್ಟುವ ಏಳು ಸ್ವರಗಳ ಗುಂಪು, ಹತ್ತಿರ ಬರುತ್ತದೆ. ಮೇಜರ್‌ಗೆ 29ನೇ ಮೇಳ ಶಂಕರಾಭರಣ, ಸರಿ. ಮೈನರ್‌ಗೆ? ನಿಷಾದ ಕೈಶಿಕಿ (ತಗ್ಗಿನದು) ಆದರೆ ನಟಭೈರವಿ, ಕಾಕಲಿ (ಮೇಲಿನದು) ಆದರೆ ಕೀರವಾಣಿ, ಪಾಶ್ಚಾತ್ಯರು ಎರಡನ್ನೂ ಒಂದೇ ರಚನೆಯಲ್ಲಿ ಒಂದೇ ಮೈನರ್ ಹೆಸರಿನಲ್ಲಿ ಬಳಸುತ್ತಾರೆ. ಹಿಂದೂಸ್ತಾನಿ ರೂಢಿಯ ಧಾರವಾಡದ ಕಡೆಯವರು ಮೇಳಕ್ಕೆ ಸಮನಾದ ‘ಥಾಟ್’ ಅನ್ನಬಹುದು. ಆದರೆ ಭಾತಖಂಡೆಯವರ ಹತ್ತು ಥಾಟ್‌ಗಳಲ್ಲಿ ಕೀರವಾಣಿಗೆ ಜಾಗವೇ ಇಲ್ಲ.

ಮೂಡ್‌ಗೆ ರಸಕ್ಕಿಂತ ಭಾವ ಮೇಲು. ರಸ ಕೇಳುವವರಲ್ಲಿ ಹುಟ್ಟುವಂಥದ್ದು ಅಲ್ವಾ? ಮೈನರ್ ಅಂದರೆ ದುಃಖ, ಮೇಜರ್ ಅಂದರೆ ಸಂತೋಷ ಅನ್ನುವ ಸುಲಭದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈ ರಚನೆಗೆ ‘ಪ್ಲಾಯೆರಾ’ ಅನ್ನುವ ಇನ್ನೊಂದು ಹೆಸರಿದೆ. ಕೆಲವರು ಅದನ್ನು ಕಡಲತೀರದ ಹಾಡು ಅಂದುಕೊಳ್ಳುತ್ತಾರೆ, ಪ್ಲಾಯಾ ಅಂದರೆ ಕಡಲತೀರವಾದ್ದರಿಂದ. ಆದರೆ ಸ್ಪೇನಿನ ಫ್ಲಾಮೆಂಕೊ ಸಂಗೀತದಲ್ಲಿ ಪ್ಲಾಯೆರಾ ಅಂದರೆ ಗೋಳಿನ ಹಾಡು, ಅದನ್ನು ಗೋಳಿಡು ಅನ್ನುವ ಅರ್ಥದ ‘ಪ್ಲಾನ್ಯೀರ್’ ಜೊತೆ ಸೇರಿಸುತ್ತಾರೆ. ಆದರೂ ‘ಶೋಕ’ ಅಂತ ಬರೆದರೆ ನಮ್ಮ ಓದುಗರು ವಿಳಂಬಕಾಲವನ್ನು ನಿರೀಕ್ಷಿಸುತ್ತಾರೆ, ಇಲ್ಲಿ ನೋಡಿದರೆ ಕೆಳಗಿನ ಗಿಟಾರ್ ಕುಣಿಯುತ್ತಲೇ ಇರುತ್ತದೆ. ಮೇಲಿನದು ಮಾತ್ರ ಅಳಲು ತೋಡಿಕೊಳ್ಳುತ್ತದೆ. ಹಾಗಾಗಿ ‘ಅಳಲು’ ಅಂತ ಆರಿಸಿದೆ. ನಡುವಿನ ಮೇಜರ್ ಭಾಗ ಇನ್ನೂ ನಿಧಾನ, ಅಲ್ಲಿ ಸಂತೋಷಕ್ಕಿಂತ ಜಾಸ್ತಿ ಇರುವುದು ನಿರಾಳ.

ಸದ್ಯ ನಾನು ಬರೆದಿರುವ ಸಾಲು ಇದು: ‘ಇ ಮೈನರ್‌ನಲ್ಲಿ ತೊಡಗಿ, ಆಧಾರ ಷಡ್ಜ ಬಿಡದೆ ಮೇಳ ಬದಲಿಸಿ ಇ ಮೇಜರ್‌ಗೆ ಹೊರಳುತ್ತದೆ.’ ಇದೊಂದು ರಚನೆಗೆ ಇದು ಸಾಕು. ಆದರೆ ಇ ಮೈನರ್‌ನಿಂದ ಜಿ ಮೇಜರ್‌ಗೆ ಹೋಗುವ ರಚನೆಯೂ ಬೇಕಾದಷ್ಟಿದೆ, ಅಲ್ಲಿ ಸ್ವರಗಳು ಅವೇ, ಷಡ್ಜ ಮಾತ್ರ ಸರಿಯುತ್ತದೆ. ಅದಕ್ಕೆ ಗ್ರಹಭೇದ (ಇರುವ ಸ್ವರಗಳಲ್ಲೇ ಬೇರೊಂದನ್ನು ಷಡ್ಜ ಮಾಡಿಕೊಳ್ಳುವುದು) ಅನ್ನಬಹುದೇ? ಎರಡು ಬಗೆಯ ಬದಲಾವಣೆಗೂ ಹೊಂದುವಂಥ, ಕೀಗೆ ಬದಲಾಗಿ ಬಳಸಬಹುದಾದ ಒಂದೇ ಪದ ಯಾರಿಗಾದರೂ ಹೊಳೆದರೆ ಉದಾಹರಣೆ ವಾಕ್ಯದ ಸಮೇತ ತಿಳಿಸಿ.