ಅಪ್‌ಡೇಟ್: ಫ್ಲೋರಿಡಾದ ಲೀವಿ ಕೌಂಟಿಯಲ್ಲಿ ತೋಟದ ಜಾಗ, ಕೊನೆಗೆ ಏನಾಯ್ತು

ಲೀವಿ ಕೌಂಟಿಯಲ್ಲಿ ಜಾಗ ತಗೊಂಡು ತೋಟ ಮಾಡಿದರೆ, ಚಂಡಮಾರುತ ಬಂದಾಗ ಎರಡು ವಾರ ಹೊರಗಿನ ನೆರವಿಲ್ಲದೆ ಇರಬಹುದಾ ಅಂತ ಕೇಳಿದ್ದೆ. ಇರಬಹುದು. ಆದರೆ ಕಡಲ ದಂಡೆಯ ಸೀಡರ್ ಕೀ ಊರಿನ ಕಡೆ ಅಲ್ಲ, ಒಳನಾಡಿನ ವಿಲಿಸ್ಟನ್ ಕಡೆ.

ನಿಜಕ್ಕೂ ಕೆಲಸಕ್ಕೆ ಬಂದದ್ದು, ಪ್ರವಾಹ ನಕ್ಷೆ ಮತ್ತು ತೆರವು ನಕ್ಷೆಯನ್ನು (ಚಂಡಮಾರುತ ಬಂದಾಗ ಜನ ಎಲ್ಲೆಲ್ಲಿಂದ ಹೊರಡಬೇಕು ಅಂತ ತೋರಿಸೋದು) ಬೇರೆಬೇರೆ ನೋಡಿ ಅಂದವರ ಸಲಹೆ. ಫೆಮಾ (ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ಪ್ರವಾಹ ನಕ್ಷೆಯಲ್ಲಿ ಕಡಿಮೆ ಅಪಾಯದ ‘ಎಕ್ಸ್’ ವಲಯದಲ್ಲಿರೋ ಜಾಗವೂ ಕಡಲುಬ್ಬರದ ತೆರವು ವಲಯದೊಳಗೆ ಬರಬಹುದು. 2023ರ ಇಡಾಲಿಯಾ, 2024ರ ಹೆಲೀನ್ ಚಂಡಮಾರುತ ಎರಡರಲ್ಲೂ ಸೀಡರ್ ಕೀಗೆ ಕಡಲು ನುಗ್ಗಿತ್ತು, ಊರಿಂದ ಹೊರಬರೋ ರಸ್ತೆಯೂ ಒಂದೇ.

ಕರೆಂಟ್ ಹೋದರೆ ಬೋರ್ ಮೋಟಾರ್ ನಿಲ್ಲುತ್ತೆ, ಅದಕ್ಕೆ ಮಾಮೂಲಿ ಕೈಪಂಪು ಸಾಕು ಅನ್ನೋ ಸಲಹೆ ಎಲ್ಲ ಕಡೆ ನಡೆಯಲ್ಲ. ಮೇಲಿಂದ ಹೀರುವ ಪಂಪು ಸುಮಾರು 25 ಅಡಿಗಿಂತ ಕೆಳಗಿನ ನೀರನ್ನು ಎತ್ತಲ್ಲ. ಬೋರಿನ ಆಳ ಅಲ್ಲ, ನೀರು ನಿಂತಿರೋ ಮಟ್ಟ ಕೇಳಿ. ಅದು 25 ಅಡಿಗಿಂತ ಕೆಳಗಿದ್ದರೆ, ಸಿಲಿಂಡರ್ ನೀರೊಳಗೆ ಮುಳುಗಿರುವ ಡೀಪ್‌ವೆಲ್ ಕೈಪಂಪೇ ಬೇಕು.

ಹಲಸು, ತೆಂಗಿನ ಆಸೆ ಬಿಡಿ, ಚಳಿಗಾಲದಲ್ಲಿ ಹಿಮಗಟ್ಟೋ ಚಳಿ ಸುಟ್ಟುಹಾಕುತ್ತೆ. ಗೆಣಸು, ಅಲಸಂದೆ ಚೆನ್ನಾಗಿ ಬರುತ್ತೆ. ಮರಳು ಮಣ್ಣು, ಬೇರಿಗೆ ಗಂಟು ಕಟ್ಟಿಸೋ ಜಂತುಹುಳದ (ನೆಮಟೋಡ್) ಕಾಟ ಜಾಸ್ತಿ, ಗೊಬ್ಬರ ಧಾರಾಳವಾಗಿ ಹಾಕಬೇಕು.

ಅಚ್ಚರಿ ತಂದದ್ದು ವಿಮೆ. ಚಂಡಮಾರುತದ ಹಾನಿಗೆ ನಾವು ಕೈಯಿಂದ ಕಟ್ಟೋ ಪಾಲು ಸಾಮಾನ್ಯವಾಗಿ ಮನೆಯ ವಿಮಾ ಮೊತ್ತದ ಶೇಕಡಾವಾರು. 3 ಲಕ್ಷ ಡಾಲರ್ ಮನೆಗೆ ಶೇ. 2 ಅಂದರೂ 6,000 ಡಾಲರ್. ಪ್ರವಾಹ ವಿಮೆ ಬೇರೆಯೇ ತಗೋಬೇಕು. ಫೆಡರಲ್ ಪಾಲಿಸಿ ಜಾರಿಗೆ ಬರೋಕೆ ಸಾಮಾನ್ಯವಾಗಿ 30 ದಿನ ಬೇಕು, ಚಂಡಮಾರುತದ ಕಾಲ ಶುರುವಾಗೋ ಜೂನ್‌ಗೆ ಮುಂಚೆಯೇ ಮುಗಿಸಿಕೊಳ್ಳಿ.