74 ದೊಡ್ಡದೋ, 5 ದೊಡ್ಡದೋ?

ಅಣ್ಣ: (ಫಾರ್ವರ್ಡ್ ಮಾಡಿದ ಚಿತ್ರ) ಅಮೆರಿಕದ ಟಿವಿ ಕ್ವಿಜ್ ಶೋ ‘ಜೆಪರ್ಡಿ’ಯ ಸಾರ್ವಕಾಲಿಕ ಶ್ರೇಷ್ಠರು: ಕೆನ್ ಜೆನ್ನಿಂಗ್ಸ್ 74 ಗೆಲುವು, ಆಮಿ ಶ್ನೈಡರ್ 40, ಮ್ಯಾಟ್ ಅಮೋಡಿಯೊ 38, ಜೇಮ್ಸ್ ಹೋಲ್ಟ್ಸ್‌ಹೌರ್ 32.

ಅಣ್ಣ: ಇದರ ಮೇಲೆ ಚರ್ಚೆಯೇ ಬೇಡ. ಅಮೆರಿಕದ ಕ್ವಿಜ್ ಶೋಗಳಲ್ಲಿ ಕೆನ್‌ಗೆ ಕೆನ್ನೇ ಸಾಟಿ.

ನಾನು: ಬ್ರ್ಯಾಡ್ ರಟ್ಟರ್ ಎಲ್ಲಿ?

ಅಣ್ಣ: ಅವರು ಗೆದ್ದಿದ್ದೇ 5 ಆಟ ಕಣೇ. ಈ ಪಟ್ಟಿಗೆ ಹೇಗೆ ಬರ್ತಾರೆ?

ನಾನು: 5 ಆಟ ಗೆದ್ದರು ಅಂತ ನಿಲ್ಲಿಸಬೇಡ. ಗೆಲ್ಲುತ್ತಿದ್ದವರನ್ನೇ ಎಬ್ಬಿಸಿ ಕಳಿಸಿದರು ಅಂತ ಹೇಳು. 2000ರಲ್ಲಿ ಅವರು ಆಡಿದಾಗ, ಸತತ 5 ದಿನ ಗೆದ್ದವರು ಸೋಲದಿದ್ದರೂ ಜಾಗ ಬಿಡಬೇಕು ಅನ್ನೋ ನಿಯಮ ಇತ್ತು. ಅದನ್ನು ತೆಗೆದಿದ್ದು 2003ರಲ್ಲಿ. ಕೆನ್ ಬಂದಿದ್ದು 2004ರಲ್ಲಿ. ಇಬ್ಬರ ಲೆಕ್ಕವನ್ನು ಪಕ್ಕಪಕ್ಕ ಇಡೋದೇ ತಪ್ಪು. ದುಡ್ಡಿನ ಲೆಕ್ಕವೂ ಅಷ್ಟೇ. 2001ರ ನವೆಂಬರ್‌ನಲ್ಲಿ ಒಂದೊಂದು ಪ್ರಶ್ನೆಯ ಬೆಲೆ ಎರಡು ಪಟ್ಟಾಯಿತು. ಬ್ರ್ಯಾಡ್ ಆ 5 ಆಟ ಆಡಿದ್ದು ಅರ್ಧ ಬೆಲೆಯ ಬೋರ್ಡಿನಲ್ಲಿ.

ಅತ್ತೆ: ನಿಯಮ ಬಿಡಿ. ಅವರನ್ನ ಹಾಗೇ ಬಿಟ್ಟಿದ್ರೆ 74 ಗೆಲ್ತಿದ್ರು ಅಂತ ಯಾರಿಗೆ ಗೊತ್ತು?

ಅಣ್ಣ: ಅದೇ ನಾನು ಹೇಳೋದು ಅತ್ತೆ. ಆಗದೇ ಇರೋದನ್ನ ಎಣಿಸೋಕಾಗಲ್ಲ. 74 ಆಟ ಸುಮ್ನೆ ಆಗುತ್ತಾ? ಪ್ರತಿ ಆಟದಲ್ಲೂ ಎದುರಿಗೆ ಇಬ್ಬರು. ಅಂದ್ರೆ 148 ಜನರನ್ನ ಸೋಲಿಸಿದ್ದಾರೆ. ಒಂದೇ ಒಂದು ದಿನ ಎಡವಿದ್ರೂ ಕಥೆ ಮುಗೀತು.

ನಾನು: ಆ 148 ಜನರ ಪರಿಸ್ಥಿತಿಯನ್ನೂ ನೋಡು. ಒಂದೇ ದಿನದಲ್ಲಿ 5 ಕಂತು ಚಿತ್ರೀಕರಣ ಆಗುತ್ತೆ. ಹೊಸಬರಿಗೆ ಬೆಳಗ್ಗೆ ಒಂದಿಷ್ಟು ಅಭ್ಯಾಸ ಮಾಡಿಸ್ತಾರೆ, ಅಷ್ಟೇ. ಈ ಆಟದಲ್ಲಿ ಬಝರ್ ಬಹಳ ಮುಖ್ಯ. ನಿರೂಪಕರು ಪ್ರಶ್ನೆ ಓದಿ ಮುಗಿಸಿದ ಮೇಲೆ ದೀಪ ಹತ್ತುತ್ತೆ, ಆಮೇಲೆ ಒತ್ತಬೇಕು. ಮುಂಚೆ ಒತ್ತಿದರೆ ಕಾಲು ಸೆಕೆಂಡ್ ನಿನ್ನ ಬಝರ್ ಕೆಲಸ ಮಾಡಲ್ಲ. ಅಷ್ಟರಲ್ಲಿ ಪಕ್ಕದವರು ಒತ್ತಿರ್ತಾರೆ. ಉತ್ತರ ಮೂವರಿಗೂ ಗೊತ್ತಿದ್ದಾಗ, ಆ ಲಯ ಕೈಗೆ ಹತ್ತಿದವರೇ ಗೆಲ್ಲೋದು. ಮೂವತ್ತನೇ ಆಟ ಆಡ್ತಾ ಇರೋ ಚಾಂಪಿಯನ್ ಮುಂದೆ ಹೊಸಬರಿಗೆ ಎಷ್ಟು ಕಷ್ಟ ಯೋಚಿಸು. ಹಿಂದೆ ಗೆದ್ದವರನ್ನೇ ಮತ್ತೆ ಕರೆಸಿ ಆಡಿಸುವ ಟೂರ್ನಮೆಂಟ್‌ನಲ್ಲಿ ಆ ಅನುಕೂಲ ಯಾರಿಗೂ ಇಲ್ಲ, ಎಲ್ಲರೂ ಪಳಗಿದವರೇ. ಅದಕ್ಕೇ ನನಗೆ ಟೂರ್ನಮೆಂಟ್ ಗೆಲುವಿನ ತೂಕ ಜಾಸ್ತಿ.

ದೊಡ್ಡಪ್ಪ: ಅಷ್ಟು ಗೆದ್ದವರು ಕೊನೆಗೆ ಸೋತಿದ್ದು ಹೇಗೆ ಮಗು?

ನಾನು: ದೊಡ್ಡಪ್ಪ, 2004ರ ನವೆಂಬರ್ 30ರಂದು ಪ್ರಸಾರವಾದ ಆಟ ಅದು. ಎದುರಾಳಿ ನ್ಯಾನ್ಸಿ ಜರ್ಗ್. ಆವತ್ತು ಕೆನ್ ಎರಡನೇ ಸುತ್ತಿನ ಎರಡು ಡೈಲಿ ಡಬಲ್‌ಗೂ (ಪಣ ಕಟ್ಟಿ ಉತ್ತರಿಸುವ ಪ್ರಶ್ನೆ) ತಪ್ಪು ಉತ್ತರ ಕೊಟ್ಟರು. ಆದರೂ ಕೊನೆಯ ಪ್ರಶ್ನೆಗೆ ಬರುವಾಗ ಅವರೇ ಮುಂದಿದ್ದರು. ಅವರದು 14,400, ಜರ್ಗ್ ಅವರದು 10,000. ಕೊನೆಯ ಪ್ರಶ್ನೆ ಏನು ಗೊತ್ತಾ? 70,000 ಹಂಗಾಮಿ ಕಚೇರಿ ನೌಕರರಿರುವ ಕಂಪನಿ, ಬಹುತೇಕರಿಗೆ ವರ್ಷಕ್ಕೆ ನಾಲ್ಕೇ ತಿಂಗಳು ಕೆಲಸ, ಯಾವುದು? ತೆರಿಗೆ ಲೆಕ್ಕ ಮಾಡಿಕೊಡುವ ಎಚ್ ಆ್ಯಂಡ್ ಆರ್ ಬ್ಲಾಕ್. ಕೆನ್ ಫೆಡೆಕ್ಸ್ ಅಂತ ಬರೆದರು. ಜರ್ಗ್ ಸರಿಯಾಗಿ ಬರೆದರು. ಮಾರನೇ ಆಟದಲ್ಲಿ ಅವರೂ ಸೋತರು.

ಅತ್ತೆ: ಅಯ್ಯೋ ಪಾಪ! ಅಷ್ಟು ದಿನದ ಶ್ರಮ, ಒಂದು ತೆರಿಗೆ ಪ್ರಶ್ನೆಗೆ.

ಅಣ್ಣ: ಟೂರ್ನಮೆಂಟ್‌ನಲ್ಲಿ ಅದೃಷ್ಟ ಇನ್ನೂ ಜಾಸ್ತಿ. ಎರಡು ಮೂರು ಆಟದಲ್ಲಿ ತೀರ್ಮಾನ. 2005ರ ಅಲ್ಟಿಮೇಟ್ ಟೂರ್ನಮೆಂಟ್ ನೆನಪಿದೆಯಾ? ಬ್ರ್ಯಾಡ್ ಸುತ್ತು ಸುತ್ತಾಗಿ ಆಡಿಕೊಂಡು ಬಂದು ಕೈ ಪಳಗಿಸಿಕೊಂಡಿದ್ದರು. ಕೆನ್ ನೇರವಾಗಿ ಫೈನಲ್‌ಗೆ ಬಂದರು. ಬಝರ್ ಲಯ ಅಂತ ನೀನೇ ಹೇಳಿದೆಯಲ್ಲ, ಅದು ಅಲ್ಲಿ ಯಾರ ಕಡೆ ಇತ್ತು?

ನಾನು: ನ್ಯಾಯವಾದ ಮಾತು. ಆದರೆ ಮೂರು ದಿನದ ಒಟ್ಟು ಅಂಕ ಬ್ರ್ಯಾಡ್ 62,000, ಕೆನ್ 34,599. ಅಷ್ಟು ದೊಡ್ಡ ಅಂತರಕ್ಕೆ ಬಝರ್ ಒಂದೇ ಕಾರಣ ಅಂದ್ರೆ ನಾನು ಒಪ್ಪಲ್ಲ. ಸರಿ, 2014ಕ್ಕೆ ಬಾ. ಬ್ಯಾಟಲ್ ಆಫ್ ದಿ ಡಿಕೇಡ್ಸ್. ಈ ಸಲ ಕೆನ್ ಕೂಡ ಸುತ್ತು ಸುತ್ತಾಗಿಯೇ ಆಡಿ ಫೈನಲ್‌ಗೆ ಬಂದರು. ಗೆದ್ದಿದ್ದು ಮತ್ತೆ ಬ್ರ್ಯಾಡ್. ಬಹುಮಾನ 10 ಲಕ್ಷ ಡಾಲರ್. 2002ರ ಮಿಲಿಯನ್ ಡಾಲರ್ ಮಾಸ್ಟರ್ಸ್ ಟೂರ್ನಮೆಂಟ್‌ನಲ್ಲೂ ಅಷ್ಟೇ ಮೊತ್ತ ಗೆದ್ದಿದ್ದರು.

ಅಣ್ಣ: 2020 ಯಾಕೆ ಬಿಟ್ಟೆ? ‘ಗ್ರೇಟೆಸ್ಟ್ ಆಫ್ ಆಲ್ ಟೈಮ್’ ಟೂರ್ನಮೆಂಟ್. ಕೆನ್, ಜೇಮ್ಸ್, ಬ್ರ್ಯಾಡ್. ಮೊದಲು ಮೂರು ಪಂದ್ಯ ಗೆದ್ದವರಿಗೆ ಪಟ್ಟ. ಕೆನ್ 3, ಜೇಮ್ಸ್ 1, ನಿನ್ನ ಬ್ರ್ಯಾಡ್ ಸೊನ್ನೆ.

ನಾನು: ಬಿಟ್ಟಿಲ್ಲ, ನೀನು ಅಲ್ಲಿಗೆ ಬರಲಿ ಅಂತ ಕಾಯ್ತಿದ್ದೆ. ಕೆನ್ ಶ್ರೇಷ್ಠ ಅಂತ ತೋರಿಸೋಕೆ ನೀನು ಈಗ ಎತ್ತಿದ್ದು ಟೂರ್ನಮೆಂಟನ್ನೇ. 74ನ್ನು ಅಲ್ಲ. ಆ ಟೂರ್ನಮೆಂಟ್‌ನಲ್ಲಿ ಕೆನ್ ಆಡಿದ ರೀತಿ ನನಗೂ ತುಂಬಾ ಇಷ್ಟ. ಜೇಮ್ಸ್ 2019ರಲ್ಲಿ ದೊಡ್ಡ ಬೆಲೆಯ ಪ್ರಶ್ನೆಗಳನ್ನೇ ಮೊದಲು ತೆಗೆದು, ಡೈಲಿ ಡಬಲ್ ಸಿಕ್ಕಾಗ ಭಾರೀ ಮೊತ್ತ ಪಣಕ್ಕಿಟ್ಟು 32 ಗೆಲುವಿನಲ್ಲೇ 24,62,216 ಡಾಲರ್ ಮಾಡಿದ್ದರು. ಕೆನ್ 74 ಗೆಲುವಿನಲ್ಲಿ ಮಾಡಿದ್ದು 25,20,700. ಕೆನ್ ಆ ಆಟದ ರೀತಿಯನ್ನೇ ಕಲಿತು ಬಂದು ಜೇಮ್ಸ್ ಎದುರು ಬಳಸಿದರು. ಮೊದಲ ಪಂದ್ಯ 63,400ಕ್ಕೆ 63,200. ಬರೀ 200ರ ಅಂತರ! ಆ ಮಟ್ಟದ ಎದುರಾಳಿ ಸಿಕ್ಕಿದ್ದಕ್ಕೇ ಅಲ್ವಾ ಕೆನ್ ಎಂಥವರು ಅಂತ ಪೂರ್ತಿ ಗೊತ್ತಾಗಿದ್ದು?

ತಂಗಿ: ಆಮಿ ಬಗ್ಗೆ ಯಾರೂ ಮಾತಾಡ್ತಿಲ್ಲ. 40 ಆಟವನ್ನೂ ಗೆದ್ರು, 2022ರ ಟೂರ್ನಮೆಂಟ್ ಆಫ್ ಚಾಂಪಿಯನ್ಸನ್ನೂ ಗೆದ್ರು. ಎರಡೂ ಬೇಕು ಅನ್ನೋದಾದ್ರೆ ಅವರೇ ಅಲ್ವಾ?

ನಾನು: ಹೌದು ಕಣೇ. ಅದೇ ಟೂರ್ನಮೆಂಟ್‌ನಲ್ಲಿ 38 ಗೆದ್ದ ಮ್ಯಾಟ್ ಸೆಮಿಫೈನಲ್ ದಾಟಲಿಲ್ಲ. ಅವರನ್ನು ಸೋಲಿಸಿದ್ದು ಪ್ರೊಫೆಸರ್‌ಗಳ ಟೂರ್ನಮೆಂಟ್ ಗೆದ್ದು ಬಂದಿದ್ದ ಸ್ಯಾಮ್ ಬಟ್ರಿ. 5 ಆಟ ಗೆದ್ದಿದ್ದ ಆ್ಯಂಡ್ರ್ಯೂ ಹಿ, ಫೈನಲ್‌ನಲ್ಲಿ ಆಮಿಯನ್ನು ಎರಡು ಸಲ ಸೋಲಿಸಿದರು. ಯೋಗೇಶ್ ರಾವುತ್ ಅವರನ್ನು ನೋಡು. ಮಾಮೂಲಿ ಆಟದಲ್ಲಿ ಗೆದ್ದಿದ್ದು 3. ಆಮೇಲೆ 2024ರ ಟೂರ್ನಮೆಂಟ್ ಆಫ್ ಚಾಂಪಿಯನ್ಸ್ ಗೆದ್ದರು, 2025ರ ಮಾಸ್ಟರ್ಸ್ ಗೆದ್ದರು. ಅಣ್ಣನ ಚಿತ್ರದಲ್ಲಿ ಅವರಿಗೆ ಜಾಗವೇ ಇಲ್ಲ.

ಅಣ್ಣ: ಹಾಗಾದ್ರೆ ರಾವುತ್ ಕೆನ್‌ಗಿಂತ ದೊಡ್ಡವರಾ?

ನಾನು: ಹಾಗಂದಿಲ್ಲ. ಅವರಿಬ್ಬರೂ ಈ ಶೋನಲ್ಲಿ ಎದುರೆದುರು ಆಡಿಲ್ಲ. ಕೆನ್ ಈಗ ಪ್ರಶ್ನೆ ಓದುವ ಜಾಗದಲ್ಲಿದ್ದಾರೆ. ಆದರೆ ಕೆನ್ ಮತ್ತು ಬ್ರ್ಯಾಡ್ ಎದುರೆದುರು ಆಡಿದ್ದಾರೆ. 2005, 2014 ಬ್ರ್ಯಾಡ್‌ಗೆ, 2020 ಕೆನ್‌ಗೆ. ಶ್ರೇಷ್ಠರ ಪಟ್ಟಿ ಅಂತ ಮಾಡಿ ಬ್ರ್ಯಾಡ್ ಹೆಸರೇ ಬಿಟ್ಟರೆ ನಾನು ಸುಮ್ಮನಿರಲ್ಲ.

ಅಣ್ಣ: ಹೆಸರು ಸೇರಿಸೋಣ. ಆದರೆ ಕೆನ್ ಕೆಳಗೆ. 74ರ ಹತ್ತಿರ ಯಾರೂ ಬಂದಿಲ್ಲ, ಅದನ್ನ ನೀನೂ ಅಲ್ಲಗಳೆಯೋಕಾಗಲ್ಲ.

ದೊಡ್ಡಪ್ಪ: 2005ರದ್ದು, 2014ರದ್ದು, 2020ರದ್ದು ಮೂರೂ ಸಿಕ್ಕರೆ ಇಲ್ಲಿ ಹಾಕಿ. ನೋಡದೇ ನಾನು ಯಾರ ಕಡೆಗೂ ಹೇಳಲ್ಲ.